ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಪೂರ್ವಜರ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಅಲ್ಲಿಯ ಸೊಸೆಯರೂ ಅಳಿಯಂದಿರೂ ಬಂದಿದ್ದಾರೆ. ಮೊಮ್ಮಕ್ಕಳಿಗಾಗಿ ವಂಶವೃಕ್ಷ ಬರೆಯಲು ಕುಳಿತರೆ ಒಂದು ಕಡೆ ಗೋತ್ರ, ಮನೆದೇವರು, ಮೂಲ ಊರು ಎಲ್ಲ ಸಲೀಸಾಗಿ ಬರುತ್ತವೆ. ಇನ್ನೊಂದು ಕಡೆ ಬೀಗರು ಹೇಳಿದ ಒಂದೇ ಸಾಲು ಉಳಿಯುತ್ತದೆ: "ನಮ್ಮ ಮುತ್ತಜ್ಜನ ಅಪ್ಪ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದರಂತೆ." ಆ ಸಾಲನ್ನು ಹಿಡಿದು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾಲಾಳು ರೆಜಿಮೆಂಟ್‌ಗಳಿಗೇ ಹೆಚ್ಚು ಒತ್ತು ಕೊಟ್ಟಿದ್ದೇನೆ, ಏಕೆಂದರೆ ಎರಡೂ ಕಡೆಯ (ಉತ್ತರದ ಯೂನಿಯನ್, ಅಂದರೆ ಕೇಂದ್ರ ಸರ್ಕಾರದ ಪಕ್ಷ; ಅದರಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಪಕ್ಷ) ಸಿಪಾಯಿಗಳಲ್ಲಿ ಬಹುಪಾಲು ಜನ ಕಾಲಾಳುಗಳೇ.

ನನಗೆ ಹೆಸರು ಮಾತ್ರ ಗೊತ್ತು. ಎಲ್ಲಿಂದ ಶುರು ಮಾಡಲಿ?

ಸೈನ್ಯದ ದಾಖಲೆಗಳಿಂದ ಖಂಡಿತ ಬೇಡ. ಬರೀ ಹೆಸರು ಹಿಡಿದು ಅಲ್ಲಿಗೆ ಹೋದರೆ ಅದೇ ಹೆಸರಿನ ಇಪ್ಪತ್ತು ಜನ ಎದುರಾಗುತ್ತಾರೆ, ಅವರಲ್ಲಿ ನಿಮ್ಮವರು ಯಾರೆಂದು ಹೇಳುವವರು ಯಾರೂ ಇರುವುದಿಲ್ಲ.

ಮೊದಲು 1860ರ ಜನಗಣತಿಯಲ್ಲಿ ಆ ಮನುಷ್ಯನನ್ನು ಹಿಡಿಯಿರಿ. ಯುದ್ಧ ಆರಂಭವಾದದ್ದು 1861ರ ಏಪ್ರಿಲ್‌ನಲ್ಲಿ, ಅಂದರೆ ಗಣತಿಯವರು ಮನೆಮನೆಗೆ ಬಂದುಹೋದ ಮರುವರ್ಷ. ಆ ಗಣತಿಯಲ್ಲಿ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಅಥವಾ ದೇಶ ಇರುತ್ತದೆ. ಆತ ಯಾವ ಕೌಂಟಿಯಲ್ಲಿದ್ದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು), ಅಕ್ಕಪಕ್ಕದ ಮನೆಯವರು ಯಾರು, ಹೆಂಡತಿಯ ಹೆಸರೇನು ಎಂಬುದನ್ನು ಬರೆದಿಟ್ಟುಕೊಳ್ಳಿ. ನೆರೆಹೊರೆಯವರ ಹೆಸರೇಕೆ ಎಂಬುದು ಮುಂದೆ ತಿಳಿಯುತ್ತದೆ.

ಯುದ್ಧ ಮುಗಿದ ಮೇಲಿನ ಸುಳಿವುಗಳೂ ಇವೆ. 1910ರ ಜನಗಣತಿಯಲ್ಲಿ ಅಂತರ್ಯುದ್ಧದ ಸಿಪಾಯಿಗಳಿಗಾಗಿಯೇ ಒಂದು ಕಲಂ ಇತ್ತು: ಯುಎ ಎಂದರೆ ಯೂನಿಯನ್ ಭೂಸೇನೆ, ಯುಎನ್ ಎಂದರೆ ಯೂನಿಯನ್ ನೌಕಾಪಡೆ, ಸಿಎ ಮತ್ತು ಸಿಎನ್ ಎಂದರೆ ಕಾನ್ಫೆಡರೇಟ್ ಕಡೆಯವು. 1890ರಲ್ಲಿ ಯೂನಿಯನ್ ಮಾಜಿ ಸೈನಿಕರನ್ನೂ ವಿಧವೆಯರನ್ನೂ ಪ್ರತ್ಯೇಕವಾಗಿ ಎಣಿಸಿ ರೆಜಿಮೆಂಟ್, ಕಂಪನಿ, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಆದ ಗಾಯ ಎಲ್ಲವನ್ನೂ ಬರೆದುಕೊಂಡರು. ಆ ವರ್ಷದ ಸಾಮಾನ್ಯ ಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಮಾಜಿ ಸೈನಿಕರ ಪಟ್ಟಿಯಲ್ಲಿ ಉಳಿದಿರುವುದು ಅಕ್ಷರಕ್ರಮದಲ್ಲಿ ಕೆಂಟಕಿಯ ಅರ್ಧದಿಂದ ಮುಂದಿನ ರಾಜ್ಯಗಳು. ಹೀಗಾಗಿ ಒಹಾಯೊದವರಿಗೆ ಅದೃಷ್ಟ, ಇಲಿನಾಯ್‌ನವರಿಗೆ ಇಲ್ಲ.

ರೆಜಿಮೆಂಟ್, ಕಂಪನಿ ಎಂದರೆ ಎಷ್ಟು ಜನ? ಕಂಪನಿಯ ಅಕ್ಷರ ಅಷ್ಟು ಮುಖ್ಯವೇ?

ಕಾಗದದ ಮೇಲೆ ಒಂದು ಕಾಲಾಳು ರೆಜಿಮೆಂಟ್ ಎಂದರೆ ಸುಮಾರು ಸಾವಿರ ಜನ, ತಲಾ ನೂರರ ಹತ್ತು ಕಂಪನಿಗಳು. ಕಂಪನಿಗಳಿಗೆ ಎ ಯಿಂದ ಕೆ ವರೆಗೆ ಅಕ್ಷರಗಳು, ನಡುವೆ ಜೆ ಇರುವುದಿಲ್ಲ. ಕೈಬರಹದಲ್ಲಿ ಐ ಮತ್ತು ಜೆ ಒಂದೇ ತರಹ ಕಾಣುತ್ತಿದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಆದ್ದರಿಂದ ಬೀಗರು "ಕಂಪನಿ ಜೆ" ಎಂದರೆ ಅದನ್ನು ಐ ಎಂದು ಓದಿ ನೋಡಿ. ಕೆಲವು ತಿಂಗಳ ಕಾಯಿಲೆ, ಕಾಳಗಗಳ ನಂತರ ಸಾವಿರದ ರೆಜಿಮೆಂಟ್ ಮುನ್ನೂರು, ನಾನೂರಕ್ಕೆ ಇಳಿದಿರುತ್ತಿತ್ತು.

ಕಂಪನಿಯ ಅಕ್ಷರ ಮುಖ್ಯವೇ ಎಂದರೆ, ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅದಕ್ಕಿಂತ ಮುಖ್ಯವಾದುದು ಇಲ್ಲ. ಕಂಪನಿ ಕಟ್ಟುತ್ತಿದ್ದುದೇ ಒಂದು ಊರಿನ, ಒಂದು ಕೌಂಟಿಯ ಜನರಿಂದ. ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಚರ್ಚಿನವರು ಒಟ್ಟಿಗೆ ಸಹಿ ಹಾಕುತ್ತಿದ್ದರು. ಮನುಷ್ಯನ ಹೆಸರನ್ನು ಗುಮಾಸ್ತರು ಹೇಗೆಂದರೆ ಹಾಗೆ ಬರೆದಿರಬಹುದು, ಆದರೆ ಸುತ್ತಲಿನ ನೂರು ಹೆಸರುಗಳಲ್ಲಿ ಮೂವತ್ತು 1860ರ ಗಣತಿಯ ಅದೇ ಕೌಂಟಿಯಲ್ಲಿ ಸಿಕ್ಕಿದರೆ ನೀವು ಸರಿಯಾದ ಕಂಪನಿಯಲ್ಲೇ ಇದ್ದೀರಿ.

ಒಂದೇ ಹೆಸರಿನವರು ಹತ್ತಾರು ಜನ ಇದ್ದಾರೆ. ನಮ್ಮವರನ್ನು ಗುರುತಿಸುವುದು ಹೇಗೆ?

ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಸಿಪಾಯಿಗಳ ಮತ್ತು ನಾವಿಕರ ಉಚಿತ ದತ್ತಸಂಚಯವೊಂದನ್ನು ಜಾಲತಾಣದಲ್ಲಿ ಇಟ್ಟಿದೆ. ಅದರಲ್ಲಿ 63 ಲಕ್ಷ ನಮೂದುಗಳಿವೆ. ಅಷ್ಟು ಜನ ಯುದ್ಧ ಮಾಡಲಿಲ್ಲ. ಒಬ್ಬನೇ ಎರಡು ರೆಜಿಮೆಂಟ್‌ಗಳಲ್ಲಿದ್ದರೆ ಎರಡು ನಮೂದು, ಅವನ ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದರೆ ಇನ್ನಷ್ಟು. ಅಲ್ಲಿ ಸಿಗುವುದು ಹೆಸರು, ರೆಜಿಮೆಂಟ್, ಕಂಪನಿ, ಸೇರಿದಾಗಿನ ಮತ್ತು ಬಿಟ್ಟಾಗಿನ ದರ್ಜೆ. ವಯಸ್ಸೂ ಇಲ್ಲ, ಊರೂ ಇಲ್ಲ.

ಆದ್ದರಿಂದ ಎದುರು ದಿಕ್ಕಿನಿಂದ ಬನ್ನಿ. ನಿಮ್ಮವರ ಕೌಂಟಿಯಲ್ಲಿ ಯಾವ ರೆಜಿಮೆಂಟ್‌ಗಳನ್ನು ಕಟ್ಟಿದರು ಎಂದು ಮೊದಲು ನೋಡಿ. ಇದಕ್ಕೆ ಹಳೆಯ ಕೌಂಟಿ ಇತಿಹಾಸಗಳು, ರಾಜ್ಯದ ಅಡ್ಜುಟಂಟ್ ಜನರಲ್ (ಸೇನಾ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿ) ಪ್ರಕಟಿಸಿದ ಸಿಪಾಯಿ ಪಟ್ಟಿಗಳು ಒಳ್ಳೆಯ ಆಧಾರ. ಇಪ್ಪತ್ತು ಜಾನ್ ಮಿಲ್ಲರ್‌ಗಳಲ್ಲಿ ಆ ರೆಜಿಮೆಂಟ್‌ಗಳಲ್ಲಿದ್ದವರು ಇಬ್ಬರೋ ಮೂವರೋ ಉಳಿಯುತ್ತಾರೆ. ಅವರ ಸೇವಾ ದಾಖಲೆಯಲ್ಲಿನ ವಯಸ್ಸು, ಜನ್ಮಸ್ಥಳಗಳನ್ನು ಗಣತಿಯ ಜೊತೆ ಹೋಲಿಸಿ.

ಹೆಸರಿನ ಕಾಗುಣಿತದ ವಿಷಯದಲ್ಲಿ ಉದಾರಿಗಳಾಗಿರಿ. ಜರ್ಮನಿಯಿಂದ ಬಂದ ಷ್ಮಿಟ್, ಐರಿಷ್ ಗುಮಾಸ್ತನ ಕೈಯಲ್ಲಿ ಸ್ಮಿತ್ ಆಗಿರುತ್ತಾನೆ. ಮೊದಲ ಹೆಸರು ಬಿಟ್ಟು ನಡುವಿನ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದವರೂ ಬಹಳ.

ಅದೇ ಸಂಖ್ಯೆಯ ಎರಡು ರೆಜಿಮೆಂಟ್‌ಗಳು ಕಾಣುತ್ತಿವೆ. ತಪ್ಪು ಮುದ್ರಣವೇ?

ಅಲ್ಲ. 1861ರ ಏಪ್ರಿಲ್ 15ರಂದು ಲಿಂಕನ್ 75,000 ಜನರನ್ನು ಕರೆದದ್ದು ಕೇವಲ ಮೂರು ತಿಂಗಳಿಗೆ. ಅಷ್ಟರಲ್ಲಿ ಎಲ್ಲ ಮುಗಿಯುತ್ತದೆ ಎಂಬ ನಂಬಿಕೆ. ಮುಗಿಯಲಿಲ್ಲ, ಹಾಗಾಗಿ ಮೂರು ವರ್ಷದ ಅವಧಿಗೆ ಹೊಸದಾಗಿ ಸೇರಿಸಿಕೊಂಡರು. ಒಹಾಯೊದಂಥ ರಾಜ್ಯಗಳಲ್ಲಿ ಅದೇ ಸಂಖ್ಯೆ ಮೂರು ತಿಂಗಳಿನ ರೆಜಿಮೆಂಟ್‌ಗೂ ಮೂರು ವರ್ಷದ ರೆಜಿಮೆಂಟ್‌ಗೂ ಇದೆ. ಮುಂದೆ ಒಂಬತ್ತು ತಿಂಗಳಿನವರು, 1864ರಲ್ಲಿ ನೂರು ದಿನದವರು ಬಂದರು. ಪೂರ್ತಿ ಹೆಸರನ್ನು ಅವಧಿಸಹಿತ ಬರೆದುಕೊಳ್ಳಿ, ರಾಜ್ಯದ ಹೆಸರನ್ನಂತೂ ಬಿಡಲೇಬೇಡಿ. 20ನೇ ಮೇನ್ ಬೇರೆ, 20ನೇ ಇಂಡಿಯಾನ ಬೇರೆ.

ಸೇವಾ ದಾಖಲೆಯಲ್ಲಿ ಏನೇನು ಇರುತ್ತದೆ?

ಇಂದು ನಾವು ನೋಡುವ ಸೇವಾ ದಾಖಲೆ ಯುದ್ಧಕಾಲದಲ್ಲಿ ಬರೆದದ್ದಲ್ಲ. ಪಿಂಚಣಿ ಅರ್ಜಿಗಳು ರಾಶಿ ಬಿದ್ದಾಗ ಪ್ರತಿಯೊಂದಕ್ಕೂ ಹಾಜರಿ ಪಟ್ಟಿಗಳನ್ನು ಬಿಚ್ಚಿ ಬಿಚ್ಚಿ ಅವು ಹರಿದುಹೋಗತೊಡಗಿದವು. ಆಗ ಫ್ರೆಡ್ ಐನ್ಸ್‌ವರ್ತ್ ಎಂಬ ಸೇನಾ ವೈದ್ಯ ಒಂದು ಉಪಾಯ ಮಾಡಿದ. ಪ್ರತಿ ಹಾಜರಿ ಪಟ್ಟಿಯಲ್ಲಿ, ಪ್ರತಿ ಆಸ್ಪತ್ರೆ ಪುಸ್ತಕದಲ್ಲಿ ಒಬ್ಬ ಸಿಪಾಯಿಯ ಹೆಸರು ಬಂದ ಕಡೆಯೆಲ್ಲ ಒಂದೊಂದು ಕಾರ್ಡ್ ಬರೆಸಿ, ಅವನ ಕಾರ್ಡ್‌ಗಳನ್ನೆಲ್ಲ ಒಂದು ಲಕೋಟೆಗೆ ಹಾಕಿಸಿದ. ಯೂನಿಯನ್ ಕಡೆಯವರ ಕೆಲಸ 1890ರ ದಶಕದಲ್ಲಿ ನಡೆಯಿತು, ಕಾನ್ಫೆಡರೇಟ್ ಕಡೆಯದು 1903ರಲ್ಲಿ ಶುರುವಾಯಿತು. ಗಣಕಯಂತ್ರವಿಲ್ಲದ ಕಾಲದಲ್ಲಿ ಗುಮಾಸ್ತರ ದಂಡು ಮಾಡಿದ ಈ ಕೆಲಸದ ಮೇಲೆಯೇ ಇಂದಿನ ಎಲ್ಲ ಜಾಲತಾಣಗಳೂ ನಿಂತಿವೆ.

ಲಕೋಟೆಯಲ್ಲಿ ಸಾಮಾನ್ಯವಾಗಿ ಎರಡು ತಿಂಗಳಿಗೊಂದರಂತೆ ಹಾಜರಿ ಕಾರ್ಡ್‌ಗಳು, ಸೇರ್ಪಡೆಯ ಮತ್ತು ಬಿಡುಗಡೆಯ ಕಾರ್ಡ್, ಚಹರೆ ಪಟ್ಟಿ ಇರುತ್ತವೆ. ಚಹರೆ ಪಟ್ಟಿಯಲ್ಲಿ ವಯಸ್ಸು, ಎತ್ತರ, ಕಣ್ಣು, ಕೂದಲು, ಮೈಬಣ್ಣ, ಹುಟ್ಟಿದ ಊರು, ಕಸುಬು. ಭಾವಚಿತ್ರವೇ ಇಲ್ಲದ ಮುತ್ತಜ್ಜನಿಗೆ ನೀಲಿ ಕಣ್ಣು, ಐದಡಿ ಆರಂಗುಲ ಎತ್ತರ ಎಂದು ತಿಳಿದಾಗ ಮನೆಯವರಿಗೆ ಆಗುವ ಸಂತೋಷ ದೊಡ್ಡದು. ಬಟ್ಟೆಬರೆಯ ಲೆಕ್ಕ, ಕಳೆದ ಬಂದೂಕಿಗೆ ಸಂಬಳದಲ್ಲಿ ಹಿಡಿದ ಮೊತ್ತವೂ ಕೆಲವೊಮ್ಮೆ ಇರುತ್ತದೆ. ಕಾಲಾಳಿನ ಸಂಬಳ ಮೊದಲು ತಿಂಗಳಿಗೆ 13 ಡಾಲರ್, 1864ರಿಂದ 16.

ಆಸ್ಪತ್ರೆಯ ಕಾರ್ಡ್‌ಗಳದು ಬೇರೆಯೇ ಕಟ್ಟು. ಕೇಳುವಾಗ ಅದನ್ನೂ ಹೆಸರಿಸಿ ಕೇಳಿ. ಈ ಯುದ್ಧದಲ್ಲಿ ಸತ್ತ ಮೂವರಲ್ಲಿ ಇಬ್ಬರನ್ನು ಕೊಂದದ್ದು ಗುಂಡಲ್ಲ, ಭೇದಿ, ವಿಷಮಶೀತಜ್ವರ, ದಡಾರದಂಥ ರೋಗಗಳು.

ಸೇವಾ ದಾಖಲೆ ಸಿಕ್ಕಿತು. ಪಿಂಚಣಿ ಕಡತವೂ ಬೇಕೇ?

ಬೇಕು. ಹಣ ಒಂದಕ್ಕೇ ಸಾಲುವುದಾದರೆ ಸೇವಾ ದಾಖಲೆ ಬಿಟ್ಟು ಪಿಂಚಣಿ ಕಡತವನ್ನೇ ತರಿಸಿ ಎನ್ನುತ್ತೇನೆ. ಸೇವಾ ದಾಖಲೆ ಸರ್ಕಾರ ಸಿಪಾಯಿಯ ಬಗ್ಗೆ ಬರೆದುಕೊಂಡದ್ದು. ಪಿಂಚಣಿ ಕಡತದಲ್ಲಿ ಅವನು, ಅವನ ಹೆಂಡತಿ, ಅವನ ಗೆಳೆಯರು, ಅವನನ್ನು ಕಂಡರೆ ಆಗದವರು ಎಲ್ಲರೂ ಮಾತಾಡುತ್ತಾರೆ.

1862ರ ಜುಲೈ 14ರ ಕಾಯಿದೆಯಂತೆ ಸೇವೆಯಲ್ಲಿ ಅಂಗವಿಕಲನಾದ ಯೂನಿಯನ್ ಸಿಪಾಯಿಗೂ, ಸತ್ತವನ ವಿಧವೆಗೂ, ಹದಿನಾರು ತುಂಬದ ಮಕ್ಕಳಿಗೂ, ಮಗನ ದುಡಿಮೆಯನ್ನೇ ನಂಬಿದ್ದ ತಾಯಿಗೂ ಪಿಂಚಣಿ ಸಿಗುತ್ತಿತ್ತು. ಸಾಮಾನ್ಯ ಸಿಪಾಯಿಯ ಪೂರ್ಣ ಪಿಂಚಣಿ ತಿಂಗಳಿಗೆ 8 ಡಾಲರ್. 1890ರ ಕಾಯಿದೆ ಬಾಗಿಲನ್ನು ಅಗಲ ಮಾಡಿತು: ತೊಂಬತ್ತು ದಿನ ಸೇವೆ ಸಲ್ಲಿಸಿ ಈಗ ದುಡಿಯಲಾಗದಿದ್ದರೆ ಸಾಕು, ಕಾರಣ ಯುದ್ಧವೇ ಆಗಬೇಕಿಲ್ಲ. 1907ರ ಕಾಯಿದೆ 62 ವರ್ಷ ದಾಟಿದವರಿಗೆ ವಯಸ್ಸಿನ ಮೇಲೆಯೇ ಕೊಟ್ಟಿತು. ಅಂದರೆ ನಿಮ್ಮವನು 1907ರವರೆಗೆ ಬದುಕಿದ್ದ ಯೂನಿಯನ್ ಸಿಪಾಯಿಯಾಗಿದ್ದರೆ ಅವನಿಗೊಂದು ಕಡತ ಇರುವ ಸಂಭವ ಬಹಳ ಹೆಚ್ಚು.

ಇದರಲ್ಲಿ ಏನು ಸಿಗುತ್ತದೆ? ಮದುವೆ ನೋಂದಣಿಯೇ ಇಲ್ಲದ ಊರುಗಳಲ್ಲಿ ವಿಧವೆ ತಾನು ಹೆಂಡತಿಯೇ ಎಂದು ಸಾಧಿಸಬೇಕಿತ್ತು. ಮದುವೆ ಮಾಡಿಸಿದ ಪಾದ್ರಿಯ ಪ್ರಮಾಣಪತ್ರ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೇಳಿಕೆ, ಮಕ್ಕಳ ಜನ್ಮದಿನ ಬರೆದಿಟ್ಟ ಮನೆಯ ಬೈಬಲ್‌ನಿಂದ ಹರಿದು ಕಳುಹಿಸಿದ ಹಾಳೆ ಎಲ್ಲವೂ ಅಲ್ಲಿರಬಹುದು. ಮಗ ಮನೆಗೆ ಹಣ ಕಳುಹಿಸುತ್ತಿದ್ದ ಎಂದು ತೋರಿಸಲು ತಾಯಂದಿರು ಅವನ ಪತ್ರಗಳನ್ನೇ ಸಲ್ಲಿಸಿದರು. ಪತ್ರಗಳು ಮರಳಿ ಹೋಗಲಿಲ್ಲ, ಇಂದಿಗೂ ಕಡತದಲ್ಲೇ ಇವೆ. ವಿಧವೆ ಮರುಮದುವೆಯಾದರೆ ಅವಳ ಪಿಂಚಣಿ ನಿಂತು ಮಕ್ಕಳ ಹೆಸರಿನಲ್ಲಿ ಪಾಲಕನೊಬ್ಬ ಅರ್ಜಿ ಹಾಕುತ್ತಿದ್ದ, ಹಾಗಾಗಿ ಮಕ್ಕಳ ಕಡತವನ್ನು ಬೇರೆಯಾಗಿ ನೋಡಬೇಕು. ಅನುಮಾನ ಬಂದ ಕಡೆ ಕಚೇರಿ ವಿಶೇಷ ಪರೀಕ್ಷಕನನ್ನು ಊರಿಗೇ ಕಳುಹಿಸುತ್ತಿತ್ತು. ಅವನು ನೆರೆಯವರನ್ನು ಕೂರಿಸಿ ಬರೆದುಕೊಂಡ ಹೇಳಿಕೆಗಳಲ್ಲಿ ಕುಡಿತ, ಎರಡನೇ ಸಂಸಾರ, ಅತ್ತೆ-ಸೊಸೆ ಜಗಳ ಯಾವುದೂ ಬಿಟ್ಟುಹೋಗಿಲ್ಲ. ಬೀಗರ ಮುಂದೆ ಓದುವ ಮೊದಲು ನೀವೊಮ್ಮೆ ಓದಿಕೊಳ್ಳುವುದು ಕ್ಷೇಮ.

ಕಡತದ ಸಂಖ್ಯೆ ಹುಡುಕಲು ಎರಡು ಸೂಚಿಗಳಿವೆ. ಒಂದು ಹೆಸರಿನ ಅಕ್ಷರಕ್ರಮದಲ್ಲಿ, ಇನ್ನೊಂದು ರೆಜಿಮೆಂಟ್ ಮತ್ತು ಕಂಪನಿಯ ಕ್ರಮದಲ್ಲಿ. ಹೆಸರಿನಲ್ಲಿ ಸಿಗದವನು ಎರಡನೆಯದರಲ್ಲಿ ಸಿಗುತ್ತಾನೆ, ಏಕೆಂದರೆ ಅಲ್ಲಿ ಒಂದು ಕಂಪನಿಯ ಹೆಸರುಗಳನ್ನಷ್ಟೇ ಕಣ್ಣಾಡಿಸಬೇಕು.

ದಾಖಲೆ ತರಿಸುವುದು ಹೇಗೆ? ಬೆಂಗಳೂರಿನಿಂದಲೂ ಆಗುತ್ತದೆಯೇ?

ಆಗುತ್ತದೆ. ಈ ದಾಖಲೆಗಳು ಸಾರ್ವಜನಿಕ. ನೀವು ವಂಶಸ್ಥರೆಂದು ತೋರಿಸಬೇಕಿಲ್ಲ, ಅಮೆರಿಕದ ನಾಗರಿಕರಾಗಿರಬೇಕಿಲ್ಲ. ಮೂಲ ಕಾಗದಗಳಿರುವುದು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅದರ ಜಾಲತಾಣದಲ್ಲಿ ಖಾತೆ ತೆರೆದು ಸೇವಾ ದಾಖಲೆಗೆ 86ನೇ ನಮೂನೆಯಲ್ಲಿ, ಪಿಂಚಣಿಗೆ 85ನೇ ನಮೂನೆಯಲ್ಲಿ ಕೋರಿಕೆ ಸಲ್ಲಿಸಬಹುದು. ಈಚಿನ ವರ್ಷಗಳಲ್ಲಿ ಸೇವಾ ದಾಖಲೆಗೆ 30 ಡಾಲರ್, ಪೂರ್ಣ ಪಿಂಚಣಿ ಕಡತಕ್ಕೆ ಮೊದಲ ನೂರು ಪುಟಗಳವರೆಗೆ 80 ಡಾಲರ್ ಇತ್ತು. ಕೋರುವ ದಿನದ ದರವನ್ನು ಅಲ್ಲಿಯೇ ನೋಡಿಕೊಳ್ಳಿ. ಪಿಂಚಣಿಯಲ್ಲಿ ಆಯ್ದ ಕೆಲವು ಪುಟಗಳ ಅಗ್ಗದ ಕಟ್ಟೊಂದನ್ನು ಕೊಡುತ್ತಾರೆ. ಅದನ್ನು ಕೊಳ್ಳಬೇಡಿ. ನೀವು ಹುಡುಕುವ ಗೆಳೆಯರ ಹೇಳಿಕೆ ಅದರಲ್ಲಿ ಇರದೇ ಹೋಗಬಹುದು.

ಹಣ ಕಟ್ಟುವ ಮೊದಲು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ನೋಡಿ, ಅದು ಉಚಿತ. ಆಮೇಲೆ ಸೇನಾ ದಾಖಲೆಗಳ ಜಾಲತಾಣ ಫೋಲ್ಡ್3, ಇದಕ್ಕೆ ಚಂದಾ ಬೇಕು. ಕಾನ್ಫೆಡರೇಟ್ ಸೇವಾ ದಾಖಲೆಗಳೆಲ್ಲ ಚಿತ್ರರೂಪದಲ್ಲಿ ಸಿಗುತ್ತವೆ. ಯೂನಿಯನ್ ಕಡೆ ಗಡಿ ರಾಜ್ಯಗಳ (ಗುಲಾಮಗಿರಿ ಇದ್ದೂ ಯೂನಿಯನ್‌ನಲ್ಲೇ ಉಳಿದವು), ದಕ್ಷಿಣದ ರಾಜ್ಯಗಳ ರೆಜಿಮೆಂಟ್‌ಗಳದು ಸಿಗುತ್ತದೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯದಂಥ ದೊಡ್ಡ ರಾಜ್ಯಗಳಲ್ಲಿ ಸೂಚಿ ಕಾರ್ಡಷ್ಟೇ ಜಾಲದಲ್ಲಿ ಸಿಕ್ಕಿ, ಲಕೋಟೆಗೆ ವಾಷಿಂಗ್ಟನ್ನಿಗೇ ಬರೆಯಬೇಕಾಗುವುದು ಹೆಚ್ಚು. ವಿಧವೆಯರ ಪಿಂಚಣಿ ಕಡತಗಳಲ್ಲಿ ಒಂದು ಭಾಗ ಫೋಲ್ಡ್3ರಲ್ಲಿದೆ.

ಅಲ್ಲಿಯೇ ಇರುವ ಮಗನನ್ನೋ ಮಗಳನ್ನೋ ನೋಡಲು ಹೋದಾಗ ಒಂದು ದಿನ ಬಿಡುವು ಮಾಡಿಕೊಳ್ಳಲಾದರೆ ಇನ್ನೂ ಒಳ್ಳೆಯದು. ಪಾಸ್‌ಪೋರ್ಟ್ ತೋರಿಸಿ ಸಂಶೋಧಕರ ಕಾರ್ಡ್ ಮಾಡಿಸಿಕೊಂಡರೆ ಮೂಲ ಕಡತವನ್ನೇ ಮೇಜಿನ ಮೇಲೆ ಇಡುತ್ತಾರೆ, ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಬಹುದು.

ನಮ್ಮ ಸೊಸೆಯ ಕಡೆಯವರು ಕಾನ್ಫೆಡರೇಟ್. ಅವರಿಗೂ ಇದೇ ದಾರಿಯೇ?

ಅರ್ಧ ದಾರಿ ಒಂದೇ. 1865ರ ಏಪ್ರಿಲ್‌ನಲ್ಲಿ ಕಾನ್ಫೆಡರೇಟ್ ರಾಜಧಾನಿ ರಿಚ್ಮಂಡ್ ಬಿದ್ದಾಗ ಕಾನ್ಫೆಡರೇಟ್ ಅಡ್ಜುಟಂಟ್ ಜನರಲ್ ಸ್ಯಾಮ್ಯುಯಲ್ ಕೂಪರ್ ತಮ್ಮ ಕಚೇರಿಯ ಕಾಗದಗಳನ್ನು ಸುಡದೆ ದಕ್ಷಿಣಕ್ಕೆ ಸಾಗಿಸಿ, ಕೊನೆಗೆ ಗೆದ್ದವರ ಕೈಗೇ ಒಪ್ಪಿಸಿದರು. ಸೋತ ಸೈನ್ಯದ ಸಿಪಾಯಿಗಳ ಮರಿಮಕ್ಕಳಿಗೆ ಇಂದು ಏನಾದರೂ ಸಿಗುತ್ತಿದ್ದರೆ ಆ ವಿವೇಕದಿಂದ. ಆದರೂ ಯುದ್ಧದ ಕೊನೆಯ ತಿಂಗಳುಗಳ ಹಾಜರಿ ಪಟ್ಟಿಗಳು ಬಹಳಷ್ಟು ಇಲ್ಲ. 1864ರ ಕೊನೆಗೆ ಕಾರ್ಡ್‌ಗಳು ನಿಂತುಹೋದರೆ ಅವನು ಓಡಿಹೋದ ಎಂದು ತೀರ್ಮಾನಿಸಬೇಡಿ.

ಪಿಂಚಣಿಯ ದಾರಿ ಪೂರ್ತಿ ಬೇರೆ. ಕೇಂದ್ರ ಸರ್ಕಾರ ಇವರಿಗೆ ಕೊಡಲಿಲ್ಲ, ದಕ್ಷಿಣದ ರಾಜ್ಯಗಳು ತಾವೇ ಕೊಟ್ಟವು. ಕೆಂಟಕಿ, ಮಿಸೌರಿ, ಒಕ್ಲಹೋಮಗಳೂ ಕೊಟ್ಟವು. ಇಲ್ಲಿ ಜನ ಎಡವುವುದು ಒಂದೇ ಕಡೆ: ಅರ್ಜಿ ಹಾಕುತ್ತಿದ್ದುದು ಆಗ ವಾಸವಿದ್ದ ರಾಜ್ಯಕ್ಕೆ, ಹೋರಾಡಿದ ರಾಜ್ಯಕ್ಕಲ್ಲ. ಅಲಬಾಮದ ರೆಜಿಮೆಂಟ್‌ನಲ್ಲಿದ್ದು ಆಮೇಲೆ ಟೆಕ್ಸಸ್‌ಗೆ ಹೋಗಿ ನೆಲೆಸಿದವನ ಕಡತ ಟೆಕ್ಸಸ್‌ನ ರಾಜ್ಯ ದಾಖಲಾಲಯದಲ್ಲಿ ಇರುತ್ತದೆ.

ಟೆನ್ನೆಸ್ಸಿಯವರಾದರೆ ಒಂದು ವಿಶೇಷ ಇದೆ. ಆ ರಾಜ್ಯ 1914ರಿಂದ 1922ರ ನಡುವೆ ಬದುಕಿದ್ದ ಹಳೆಯ ಸಿಪಾಯಿಗಳಿಗೆ ಪ್ರಶ್ನಾವಳಿ ಕಳುಹಿಸಿತು. ನಿಮ್ಮ ತಂದೆಗೆ ಎಷ್ಟು ಜಮೀನಿತ್ತು, ಗುಲಾಮರಿದ್ದರೇ, ಮನೆ ಯಾವುದರಿಂದ ಕಟ್ಟಿದ್ದು, ಶಾಲೆ ಎಷ್ಟು ದೂರ ಎಂದೆಲ್ಲ ಕೇಳಿತು. ಎರಡೂ ಕಡೆಯವರು ಉತ್ತರ ಬರೆದರು.

ಅವರು ಯಾವ ಯಾವ ಕಾಳಗಗಳಲ್ಲಿ ಇದ್ದರು ಎಂದು ತಿಳಿಯುವುದು ಹೇಗೆ?

ರೆಜಿಮೆಂಟ್ ಎಲ್ಲೆಲ್ಲಿ ಇತ್ತು ಎಂದು ತಿಳಿಯುವುದು ಸುಲಭ. ಯೂನಿಯನ್ ರೆಜಿಮೆಂಟ್‌ಗಳ ದಿನಚರಿಯನ್ನು ಫ್ರೆಡರಿಕ್ ಡೈಯರ್ 1908ರ ತನ್ನ ದೊಡ್ಡ ಸಂಕಲನದಲ್ಲಿ ಕೊಟ್ಟಿದ್ದಾನೆ. ಎರಡೂ ಕಡೆಯ ಅಧಿಕಾರಿಗಳ ವರದಿಗಳನ್ನು ಅಮೆರಿಕ ಸರ್ಕಾರ 1880ರಿಂದ 1901ರವರೆಗೆ 128 ಪುಸ್ತಕಗಳಲ್ಲಿ ಅಚ್ಚು ಹಾಕಿಸಿದೆ, ಜಾಲದಲ್ಲಿ ಉಚಿತವಾಗಿ ಓದಬಹುದು.

ಆದರೆ ರೆಜಿಮೆಂಟ್ ಅಲ್ಲಿತ್ತು ಎಂದರೆ ನಿಮ್ಮವನೂ ಅಲ್ಲಿದ್ದ ಎಂದಲ್ಲ. ಉತ್ತರ ಕ್ಯಾರೊಲಿನದ ಮೋಸ್ ಟ್ರಿಪ್ಲೆಟ್ ಎಂಬ ಹುಡುಗನ ಕಥೆ ನೋಡಿ. 1862ರಲ್ಲಿ 53ನೇ ಉತ್ತರ ಕ್ಯಾರೊಲಿನ ಕಾಲಾಳು ರೆಜಿಮೆಂಟ್‌ಗೆ ಸೇರಿದ, ಮರುವರ್ಷ 26ನೆಯದಕ್ಕೆ ವರ್ಗವಾಯಿತು. ಆ 26ನೇ ರೆಜಿಮೆಂಟ್ ಗೆಟಿಸ್‌ಬರ್ಗ್‌ನಲ್ಲಿ ತನ್ನ ಎಂಟುನೂರು ಚಿಲ್ಲರೆ ಜನರಲ್ಲಿ ಬಹುಪಾಲನ್ನು ಕಳೆದುಕೊಂಡಿತು. ರೆಜಿಮೆಂಟ್ ಇತಿಹಾಸವನ್ನಷ್ಟೇ ಓದಿದ ಮರಿಮಗ ಅವನನ್ನು ಆ ಕಾಳಗದ ನಡುವೆಯೇ ನಿಲ್ಲಿಸಿಬಿಡುತ್ತಾನೆ. ನಿಜವಾಗಿ ಅವನು ದಾರಿಯಲ್ಲೇ ಕಾಯಿಲೆ ಬಿದ್ದು ವರ್ಜೀನಿಯದ ಡ್ಯಾನ್‌ವಿಲ್ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ತಪ್ಪಿಸಿಕೊಂಡು 1864ರಲ್ಲಿ ಎದುರು ಪಕ್ಷದ, ಅಂದರೆ ಯೂನಿಯನ್ ಕಡೆಯ, 3ನೇ ಉತ್ತರ ಕ್ಯಾರೊಲಿನ ರೆಜಿಮೆಂಟ್ ಸೇರಿದ. ಒಬ್ಬ ಮನುಷ್ಯ, ಮೂರು ರೆಜಿಮೆಂಟ್, ಎರಡು ಸೈನ್ಯ. ಅವನ ಇಳಿವಯಸ್ಸಿನಲ್ಲಿ, 1930ರಲ್ಲಿ, ಹುಟ್ಟಿದ ಮಗಳು ಐರೀನ್ ಟ್ರಿಪ್ಲೆಟ್, ತಂದೆಯ ಯೂನಿಯನ್ ಸೇವೆಯ ಲೆಕ್ಕದಲ್ಲಿ ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಪಡೆಯುತ್ತ 2020ರ ಮೇ 31ರಂದು ತೀರಿಕೊಂಡರು. ಅಂತರ್ಯುದ್ಧದ ಕೊನೆಯ ಪಿಂಚಣಿ ಅದು.

ಆದ್ದರಿಂದ ಹಾಜರಿ ಕಾರ್ಡ್‌ಗಳನ್ನು ಕಾಳಗಗಳ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. "ಗೈರು, ಆಸ್ಪತ್ರೆಯಲ್ಲಿ" ಎಂದಿರುವ ಎರಡು ತಿಂಗಳು ಯಾವುದು? "ಹಾಜರ್" ಎಂದಿದ್ದರೂ ಅದು ಹಾಜರಿ ತೆಗೆದ ದಿನದ ಮಾತು. ನಡುವಿನ ಕಾಳಗದ ದಿನಕ್ಕೆ ಅದು ಪೂರ್ತಿ ಸಾಕ್ಷಿಯಲ್ಲ.

ಮನೆಯಲ್ಲಿ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ದಾಖಲೆಯಲ್ಲಿ ಬರೀ ಸಿಪಾಯಿ ಎಂದಿದೆ.

ದಾಖಲೆಯನ್ನು ನಂಬಿ. ಮುಪ್ಪಾದಂತೆ ದರ್ಜೆ ಏರುವುದು ಎಲ್ಲ ದೇಶಗಳ ಮಾಜಿ ಸೈನಿಕರಿಗೂ ಇರುವ ಸೌಲಭ್ಯ. ಮಾಜಿ ಸೈನಿಕರ ಸಂಘದಲ್ಲಿ ಅಥವಾ ರಾಜ್ಯದ ಮಿಲಿಷಿಯಾದಲ್ಲಿ (ರಾಜ್ಯದ ಸ್ವಂತ ನಾಗರಿಕ ಪಡೆ) ಆಮೇಲೆ ಆ ಹುದ್ದೆ ಸಿಕ್ಕಿದ್ದಿರಲೂಬಹುದು. ದಕ್ಷಿಣದಲ್ಲಂತೂ ಊರಿನ ದೊಡ್ಡ ಮನುಷ್ಯನನ್ನು ಕರ್ನಲ್ ಎನ್ನುವುದು ಮರ್ಯಾದೆಯ ಮಾತಾಗಿತ್ತು.

"ಪರಾರಿ" ಎಂದು ಬರೆದಿದೆ. ಮನೆಯವರಿಗೆ ಹೇಗೆ ಹೇಳಲಿ?

ಮೊದಲು ಪೂರ್ತಿ ಓದಿ. ಆಸ್ಪತ್ರೆಗೆ ಸಾಗಿಸಿದವನ ಸುದ್ದಿ ಕಂಪನಿಗೆ ತಲುಪದೆ ಅವನನ್ನು ಪರಾರಿ ಎಂದು ಬರೆದುಬಿಟ್ಟದ್ದು ಎಷ್ಟೋ ಸಲ. ಮುಂದೆ ಸೇನಾ ಇಲಾಖೆ ವಿಚಾರಿಸಿ ಆ ಆರೋಪ ತೆಗೆದುಹಾಕಿದ್ದರೆ ಅದರ ಟಿಪ್ಪಣಿಯೂ ಲಕೋಟೆಯಲ್ಲೇ ಇರುತ್ತದೆ. ಸುಗ್ಗಿಗೆಂದು ಊರಿಗೆ ಹೋಗಿ ಮರಳಿ ಬಂದವರೂ ಇದ್ದರು. 1865ರ ಮಾರ್ಚ್ 11ರಂದು ಲಿಂಕನ್, 60 ದಿನದೊಳಗೆ ಮರಳಿದವರಿಗೆ ಕ್ಷಮೆ ಎಂದು ಸಾರಿದರು. ನಿಜವಾಗಿಯೂ ಓಡಿಹೋದವನೇ ಆಗಿದ್ದರೆ, ಮನೆಯಲ್ಲಿ ಹೆಂಡತಿ ಬರೆದ ಪತ್ರ ಏನಿತ್ತೋ ಯಾರು ಬಲ್ಲರು. ಇದ್ದದ್ದನ್ನು ಇದ್ದಂತೆ ಹೇಳಿ.

ಕಪ್ಪು ಜನರ ರೆಜಿಮೆಂಟ್‌ನಲ್ಲಿದ್ದವರನ್ನು ಹುಡುಕುವುದು ಬೇರೆ ರೀತಿಯೇ?

ಹೌದು. ಕಷ್ಟವೂ ಹೆಚ್ಚು, ಸಿಕ್ಕಿದರೆ ಫಲವೂ ಹೆಚ್ಚು. 1863ರ ಮೇ ತಿಂಗಳಲ್ಲಿ ಸೇನೆ ಇವರಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,79,000 ಕಪ್ಪು ಸಿಪಾಯಿಗಳು ಯೂನಿಯನ್ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. 54ನೇ ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯದ ಹೆಸರನ್ನೇ ಉಳಿಸಿಕೊಂಡವು. ಉಳಿದವು ರಾಜ್ಯದ ಹೆಸರು ಬಿಟ್ಟು ಯುನೈಟೆಡ್ ಸ್ಟೇಟ್ಸ್ ಕಲರ್ಡ್ ಟ್ರೂಪ್ಸ್ ಎಂಬ ಹೊಸ ಸಂಖ್ಯೆ ಪಡೆದವು. ಆದ್ದರಿಂದ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ನೋಡಬೇಕು.

ಗುಲಾಮಗಿರಿಯಲ್ಲಿದ್ದವರ ಹೆಸರು 1860ರ ಗಣತಿಯಲ್ಲಿ ಇಲ್ಲ. ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ಎಲ್ಲರ ಹೆಸರು ಬರುವುದು 1870ರಲ್ಲಿ. ಈ ನಡುವಿನ ಕಂದಕಕ್ಕೆ ಸೇತುವೆಯಾಗುವುದು ಸೈನ್ಯದ ಕಾಗದಗಳೇ. ಗಡಿ ರಾಜ್ಯಗಳಲ್ಲಿ ತನ್ನ ಗುಲಾಮ ಸೈನ್ಯ ಸೇರಿದನೆಂದು ಯಜಮಾನ ಪರಿಹಾರ ಕೇಳಿದ್ದರೆ, ಅವನ ಅರ್ಜಿ ಮತ್ತು ಬಿಡುಗಡೆ ಪತ್ರ ಸಿಪಾಯಿಯ ಲಕೋಟೆಯಲ್ಲೇ ಇರಬಹುದು. ಪಿಂಚಣಿ ಕಡತದಲ್ಲಿ ಹಳೆಯ ಯಜಮಾನ ಯಾರು, ತೋಟ ಯಾವುದು, ಯಾವ ಹೆಸರು ಬಿಟ್ಟು ಯಾವ ಹೆಸರು ಇಟ್ಟುಕೊಂಡ, ಜೊತೆಯಲ್ಲಿ ಬೆಳೆದವರು ಯಾರು ಎಂದು ಅವರ ಬಾಯಿಂದಲೇ ಬಂದಿರುತ್ತದೆ. ಗುಲಾಮರಾಗಿದ್ದವರ ಮದುವೆಗೆ ಕಾಗದಪತ್ರ ಇಲ್ಲದ್ದರಿಂದ ವಿಧವೆಯ ಅರ್ಜಿ ಹೆಚ್ಚು ಸಾಕ್ಷಿಗಳನ್ನು ಕರೆತರುತ್ತಿತ್ತು. ಆಗ ಅವಳನ್ನು ಅಲೆದಾಡಿಸಿದ ನಿಯಮವೇ ಇಂದು ಅವಳ ವಂಶಸ್ಥರಿಗೆ ಪುಟಗಟ್ಟಲೆ ಮಾಹಿತಿ ಕೊಡುತ್ತಿದೆ.

ಇವರ ಸಂಬಳ ಮೊದಲು 10 ಡಾಲರ್, ಅದರಲ್ಲೂ 3 ಡಾಲರ್ ಬಟ್ಟೆಗೆ ಹಿಡಿತ. ಸಮಾನ ಸಂಬಳದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ. ಕಾರ್ಡ್‌ನಲ್ಲಿ ಯುದ್ಧಕ್ಕೆ ಮೊದಲೇ ಸ್ವತಂತ್ರನಾಗಿದ್ದನೇ ಎಂಬ ಟಿಪ್ಪಣಿ ಕಂಡರೆ ಅದು ಈ ಸಂಬಳದ ಲೆಕ್ಕಕ್ಕೆ ಬರೆದದ್ದು.

ಎಲ್ಲ ಕಡೆ ಹುಡುಕಿದೆ. ಏನೂ ಇಲ್ಲ.

ಕೆಲವು ಸಾಧ್ಯತೆಗಳಿವೆ. ಅವನು ಸ್ವಯಂಸೇವಕ ರೆಜಿಮೆಂಟ್‌ನಲ್ಲಿರದೆ ಖಾಯಂ ಸೈನ್ಯದಲ್ಲಿ ಇದ್ದಿರಬಹುದು. ಅವರಿಗೆ ಈ ಲಕೋಟೆಗಳಿಲ್ಲ, ಸೇರ್ಪಡೆಯ ರಿಜಿಸ್ಟರ್ ನೋಡಬೇಕು. ಕೇಂದ್ರದ ಸೇವೆಗೆ ಹೋಗದ ರಾಜ್ಯ ಮಿಲಿಷಿಯಾದಲ್ಲಿದ್ದರೆ ರಾಜ್ಯದ ದಾಖಲಾಲಯವೇ ಗತಿ. 1863ರ ಕಡ್ಡಾಯ ಸೇನಾ ಕಾಯಿದೆಯಲ್ಲಿ 300 ಡಾಲರ್ ಕಟ್ಟಿ ತಪ್ಪಿಸಿಕೊಂಡಿರಬಹುದು, ಅಥವಾ ಬದಲಿ ಮನುಷ್ಯನನ್ನು ಕಳುಹಿಸಿರಬಹುದು. ಆ ಕಾಯಿದೆಯ ನೋಂದಣಿ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಯುದ್ಧಕ್ಕೆ ಹೋದ ಎಂದಲ್ಲ. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಟೆನ್ನೆಸ್ಸಿಯ ಜನ ಎರಡೂ ಕಡೆ ಇದ್ದರು, ಹಾಗಾಗಿ ಎದುರು ಪಕ್ಷದಲ್ಲೂ ಹುಡುಕಿ.

ಬೇರೆ ಹೆಸರಿನಲ್ಲಿ ಸೇರಿದವರೂ ಇದ್ದರು. ಐರ್ಲೆಂಡ್‌ನಲ್ಲಿ ಹುಟ್ಟಿದ ಜೆನ್ನಿ ಹಾಜರ್ಸ್, ಆಲ್ಬರ್ಟ್ ಕ್ಯಾಶಿಯರ್ ಎಂಬ ಹೆಸರಿನಲ್ಲಿ 95ನೇ ಇಲಿನಾಯ್ ಕಾಲಾಳು ರೆಜಿಮೆಂಟ್‌ನ ಜಿ ಕಂಪನಿಯಲ್ಲಿ ಪೂರ್ತಿ ಅವಧಿ ಮುಗಿಸಿ, ಮುಂದೆಯೂ ಗಂಡಸಾಗಿಯೇ ಬದುಕಿ ಪಿಂಚಣಿಯನ್ನೂ ಪಡೆದರು. ಮುಪ್ಪಿನಲ್ಲಿ ಗುಟ್ಟು ಬಯಲಾದಾಗ ಪಿಂಚಣಿ ಕಚೇರಿ ತನಿಖೆಗೆ ಇಳಿಯಿತು. ಕಂಪನಿಯ ಹಳೆಯ ಗೆಳೆಯರು, ಇವರೇ ನಮ್ಮ ಜೊತೆ ಹೋರಾಡಿದವರು ಎಂದು ಹೇಳಿಕೆ ಕೊಟ್ಟರು, ಪಿಂಚಣಿ ಉಳಿಯಿತು. 1915ರಲ್ಲಿ ಸತ್ತಾಗ ಸಮವಸ್ತ್ರದಲ್ಲಿಯೇ ಹೂಳಿದರು.

ಅವರದೇ ಕಡತ ತೀರಾ ತೆಳುವಾಗಿದೆ. ಇನ್ನೇನಾದರೂ ದಾರಿ ಇದೆಯೇ?

ಇದೆ, ಬಹಳ ಜನ ಬಳಸದ ದಾರಿ. ಅದೇ ಕಂಪನಿಯ ಬೇರೆಯವರ ಪಿಂಚಣಿ ಕಡತಗಳನ್ನು ತೆಗೆಸಿ. ಮೊದಲು ಬರೆದಿಟ್ಟುಕೊಂಡ ನೆರೆಹೊರೆಯ ಹೆಸರುಗಳು ಈಗ ಕೆಲಸಕ್ಕೆ ಬರುತ್ತವೆ. ಗೆಳೆಯನ ಗಾಯಕ್ಕೆ ನಿಮ್ಮ ಮುತ್ತಜ್ಜ ಸಾಕ್ಷಿ ಹೇಳಿರಬಹುದು. "ನಾನು ಅವನ ಪಕ್ಕದಲ್ಲೇ ಸಾಲಿನಲ್ಲಿದ್ದೆ" ಎಂಬ ಬಗೆಯ ಹೇಳಿಕೆ, ಕೆಳಗೆ ಅವನದೇ ರುಜು ಅಥವಾ ಹೆಬ್ಬೆಟ್ಟಿನ ಬದಲು ಹಾಕಿದ ಅಡ್ಡಗೆರೆಯ ಗುರುತು. ಸ್ವಂತ ಕಡತದಲ್ಲಿ ತನ್ನ ಮೂಲವ್ಯಾಧಿ, ಸಂಧಿವಾತಗಳ ಬಗ್ಗೆಯೇ ಬರೆಸಿದವನು ಗೆಳೆಯನ ಕಡತದಲ್ಲಿ ಕಾಳಗದ ಬಗ್ಗೆ ಹೇಳಿರುತ್ತಾನೆ. ಕಂಪನಿಕ್ರಮದ ಸೂಚಿಯಲ್ಲಿ ವಿಶೇಷ ಪರೀಕ್ಷೆಗೆ ಒಳಗಾದ, ತಕರಾರಿನ ಕಡತಗಳು ಎಂದು ಕಾಣುವವನ್ನು ಮೊದಲು ಆರಿಸಿ. ವರ್ಷಗಟ್ಟಲೆ ಎಳೆದಾಡಿದ ಅರ್ಜಿಗಳಲ್ಲೇ ಹೆಚ್ಚು ಸಾಕ್ಷಿಗಳು.

ಸೆರೆಯಾಗಿ ಸತ್ತರೆಂದು ಹೇಳುತ್ತಾರೆ. ಸಮಾಧಿ ಸಿಗಬಹುದೇ?

ಜಾರ್ಜಿಯದ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಸುಮಾರು 45,000 ಯೂನಿಯನ್ ಸೈನಿಕರಿದ್ದರು, ಹತ್ತಿರ ಹತ್ತಿರ 13,000 ಜನ ಸತ್ತರು. ಅಲ್ಲಿಯೇ ಸೆರೆಯಾಗಿದ್ದ ಡಾರೆನ್ಸ್ ಅಟ್‌ವಾಟರ್ ಎಂಬ ಯುವಕನಿಗೆ ಸತ್ತವರ ಪಟ್ಟಿ ಬರೆಯುವ ಕೆಲಸ ಬಿದ್ದಿತ್ತು. ಆತ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡ. ಆ ಪಟ್ಟಿಯಿಂದಾಗಿ ಅಲ್ಲಿಯ ಬಹುಪಾಲು ಸಮಾಧಿಗಳಿಗೆ ಹೆಸರಿದೆ. ಉತ್ತರದಲ್ಲಿ ನ್ಯೂಯಾರ್ಕ್‌ನ ಎಲ್ಮೈರಾದಲ್ಲಿ ಸುಮಾರು 12,000 ಕಾನ್ಫೆಡರೇಟ್ ಸೆರೆಯಾಳುಗಳಲ್ಲಿ ಮೂರು ಸಾವಿರದಷ್ಟು ಜನ ಸತ್ತರು.

ಊರಿನ ಸ್ಮಶಾನದಲ್ಲಿ ಹುಡುಕುವುದಾದರೆ ಕಲ್ಲಿನ ಆಕಾರ ನೋಡಿ. ಯೂನಿಯನ್ ಸಿಪಾಯಿಗೆ ಸರ್ಕಾರ ಕೊಟ್ಟ ಕಲ್ಲಿನ ತಲೆ ದುಂಡಗೆ, ಮುಖದಲ್ಲಿ ಗುರಾಣಿಯ ಆಕಾರ, ಅದರೊಳಗೆ ಹೆಸರು, ಕಂಪನಿ, ರೆಜಿಮೆಂಟ್. ಕಾನ್ಫೆಡರೇಟ್ ಕಲ್ಲಿನ ತಲೆ ಚೂಪು. ಹುಟ್ಟಿದ, ಸತ್ತ ದಿನಾಂಕ ಹಳೆಯ ಯೂನಿಯನ್ ಕಲ್ಲುಗಳಲ್ಲಿ ಬಹಳ ಸಲ ಇರುವುದಿಲ್ಲ, ಕಂಪನಿ ಮಾತ್ರ ಇರುತ್ತದೆ.

ಈ ಯುದ್ಧಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧವಿತ್ತೇ?

ಸಿಪಾಯಿಗಳ ಲೆಕ್ಕದಲ್ಲಿ ಅಲ್ಲ, ಹತ್ತಿಯ ಲೆಕ್ಕದಲ್ಲಿ. ದಕ್ಷಿಣದ ಬಂದರುಗಳಿಗೆ ಯೂನಿಯನ್ ನೌಕಾಪಡೆ ದಿಗ್ಬಂಧನ ಹಾಕಿದಾಗ ಇಂಗ್ಲೆಂಡಿನ ಲ್ಯಾಂಕಶೈರ್‌ನ ಬಟ್ಟೆ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಧಾರವಾಡದ ಕಪ್ಪು ನೆಲದಲ್ಲಿ ಅದಕ್ಕೆ ಮೊದಲೇ ಅಮೆರಿಕ ತಳಿಯ ಹತ್ತಿ ಬೇರೂರಿತ್ತು, ಬೆಲೆ ಒಮ್ಮೆಲೇ ಮೇಲೇರಿತು. ಕಾರವಾರದ ಬಂದರನ್ನು ಬೆಳೆಸಬೇಕೆಂದು ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಒತ್ತಾಯಿಸಿದ್ದೂ ಈ ಕಾಲದಲ್ಲಿಯೇ. 1865ರಲ್ಲಿ ಯುದ್ಧ ಮುಗಿದದ್ದೇ ತಡ ಬೆಲೆ ಕುಸಿಯಿತು. ಮೊಮ್ಮಕ್ಕಳ ವಂಶವೃಕ್ಷದಲ್ಲಿ ಧಾರವಾಡ ಕಡೆಯ ರೈತ ಮನೆತನವೂ ಇದ್ದರೆ ಈ ಟಿಪ್ಪಣಿಯನ್ನು ಅಲ್ಲಿ ಸೇರಿಸಬಹುದು.

ಭಾವಚಿತ್ರ ಸಿಗುವ ಸಾಧ್ಯತೆ ಇದೆಯೇ?

ಸಾಮಾನ್ಯ ಸಿಪಾಯಿಯದು ಸರ್ಕಾರಿ ದಾಖಲೆಯಲ್ಲಿ ಸಿಗುವುದು ಅಪರೂಪ. ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿರುವ ಸೇನಾ ಪರಂಪರೆ ಕೇಂದ್ರದಲ್ಲಿ ದೊಡ್ಡ ಸಂಗ್ರಹವಿದೆ, ರೆಜಿಮೆಂಟ್ ಹೆಸರು ಹೇಳಿ ಕೇಳಬೇಕು. 1866ರಲ್ಲಿ ಹುಟ್ಟಿದ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಎಂಬ ಯೂನಿಯನ್ ಮಾಜಿ ಸೈನಿಕರ ಸಂಘಕ್ಕೆ ಊರೂರಿನಲ್ಲಿ ಶಾಖೆಗಳಿದ್ದವು. ರೆಜಿಮೆಂಟ್‌ಗಳ ಪುನರ್ಮಿಲನದಲ್ಲಿ ಮುದುಕರೆಲ್ಲ ಎದೆಗೆ ಪದಕ ಸಿಕ್ಕಿಸಿ ತೆಗೆಸಿಕೊಂಡ ಗುಂಪು ಚಿತ್ರಗಳು ಕೌಂಟಿ ಇತಿಹಾಸ ಸಂಘಗಳ ಬೀರುಗಳಲ್ಲಿವೆ. ಅವರಿಗೆ ಪತ್ರ ಬರೆಯುವಾಗ ಮನೆತನದ ಹೆಸರಿನ ಜೊತೆಗೆ ಕಂಪನಿಯ ಅಕ್ಷರವನ್ನೂ ರೆಜಿಮೆಂಟ್ ಸಂಖ್ಯೆಯನ್ನೂ ತಪ್ಪದೆ ಬರೆಯಿರಿ. ಚಿತ್ರದ ಹಿಂದೆ ಬರೆದಿರುವುದು ಬಹುಮಟ್ಟಿಗೆ ಅದೇ.